ಮೊಬೈಲ್ ಕಾಲದಲ್ಲಿ ಫೇರಿಗಳು ಎಲ್ಲಿ ಅಡಗುತ್ತಾರೆ?

ಪ್ರಶ್ನೆ: ನಾನು ಹದಿಹರೆಯದವರಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಈಗಿನ ಕಾಲದ ಒಂದು ದೊಡ್ಡ ನಗರದಲ್ಲಿ. 16 ವರ್ಷದ ಹುಡುಗಿಯೊಬ್ಬಳ ತಮ್ಮನನ್ನು ಫೇರಿಗಳು (ಪಾಶ್ಚಾತ್ಯ ಜನಪದ ಕಥೆಗಳಲ್ಲಿ ಬರುವ ಮಾಯಾಜನ) ಎತ್ತಿಕೊಂಡು ಹೋಗಿ, ಅವನ ಜಾಗದಲ್ಲಿ ಅವನಂತೆಯೇ ಕಾಣುವ ಬದಲಿ ಹುಡುಗನನ್ನು ಬಿಟ್ಟಿದ್ದಾರೆ. ಅವಳಿಗೆ ಸಹಾಯ ಮಾಡುವವನು 400 ವರ್ಷದ ಫೇರಿ ರಾಜಕುಮಾರ. ಇಬ್ಬರಿಗೂ ಪ್ರೀತಿ ಆಗುತ್ತದೆ. ಓದಿದ ಗೆಳೆಯರು ಮೂರು ತಕರಾರು ತೆಗೆದಿದ್ದಾರೆ. ಮೊಬೈಲ್, ಸಿಸಿಟಿವಿ ಇರುವ ಕಡೆ ಫೇರಿಗಳು ಗುಟ್ಟಾಗಿ ಇರೋಕೆ ಆಗಲ್ಲ. ಕಬ್ಬಿಣ ಕಂಡರೆ ಆಗದವರು ನಗರದಲ್ಲಿ ಬದುಕೋಕೆ ಆಗಲ್ಲ. ಅಷ್ಟಕ್ಕೂ ಫೇರಿ ಅಂದರೆ ಚಿಕ್ಕ ಮಕ್ಕಳ ಕಥೆ, ಹದಿನೈದು ದಾಟಿದವರು ಮುಟ್ಟಲ್ಲ. ಫೇರಿಲೋಕದ ಇತಿಹಾಸ ಹೇಳೋಕೆ ಅಂತಲೇ ಮೊದಲ 40 ಪುಟ ಇಟ್ಟಿದ್ದೇನೆ. ಯಾವುದನ್ನು ಉಳಿಸಲಿ, ಯಾವುದನ್ನು ಬಿಡಲಿ?

ಉತ್ತರ: ಕೊನೆಯ ತಕರಾರಿನಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿದರೆ ಮಿಕ್ಕಿದ್ದು ಸಲೀಸಾಗುತ್ತದೆ.

ನಿಮ್ಮ ಗೆಳೆಯರ ತಲೆಯಲ್ಲಿರುವುದು ಹೂವಿನ ಮೇಲೆ ಕೂತ, ಚಿಟ್ಟೆ ರೆಕ್ಕೆಯ ಫೇರಿ. ಆ ರೆಕ್ಕೆ ಬಂದದ್ದು ಹೆಚ್ಚಾಗಿ 18 ಮತ್ತು 19ನೇ ಶತಮಾನದ ಚಿತ್ರಕಾರರಿಂದ, ನಾಟಕದವರಿಂದ. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನ ಹಳ್ಳಿಯವರು ನಂಬಿದ್ದ ಫೇರಿಗಳಿಗೆ ಸಾಮಾನ್ಯವಾಗಿ ರೆಕ್ಕೆಯೇ ಇರಲಿಲ್ಲ. ಎಷ್ಟೋ ಕಥೆಗಳಲ್ಲಿ ಅವರು ನಮ್ಮಷ್ಟೇ ಎತ್ತರ. ಜನರಿಗೆ ಅವರ ಮೇಲೆ ಮುದ್ದು ಇರಲಿಲ್ಲ, ಭಯ ಇತ್ತು. ಹೆಸರು ಹಿಡಿದು ಕರೆಯಲೂ ಹೆದರುತ್ತಿದ್ದರು. 'ಒಳ್ಳೆಯ ಜನ', 'ಒಳ್ಳೆಯ ನೆರೆಯವರು' ಅನ್ನುತ್ತಿದ್ದರು. ಒಳ್ಳೆಯವರು ಅಂತ ನಂಬಿಕೆ ಇದ್ದುದಕ್ಕಲ್ಲ, ಕೇಳಿಸಿಕೊಂಡರೆ ಸಿಟ್ಟಾಗದಿರಲಿ ಅಂತ.

ಆ ಭಯ ಎಲ್ಲಿಯವರೆಗೆ ಹೋಗುತ್ತಿತ್ತು ಅನ್ನುವುದಕ್ಕೆ ಒಂದು ನಿಜ ಘಟನೆ ಇದೆ. 1895ರ ಮಾರ್ಚ್ ತಿಂಗಳು. ಐರ್ಲೆಂಡಿನ ಟಿಪ್ಪರರಿ ಕೌಂಟಿಯ ಬ್ಯಾಲಿವ್ಯಾಡ್ಲಿ ಅನ್ನುವ ಊರು. ಬ್ರಿಜೆಟ್ ಕ್ಲಿಯರಿ ಅನ್ನುವ ಇಪ್ಪತ್ತರ ಹರೆಯದ ಹೆಂಗಸಿಗೆ ಕಾಯಿಲೆ ಬಂತು. ಇವಳು ನನ್ನ ಹೆಂಡತಿ ಅಲ್ಲ, ಫೇರಿಗಳು ಅವಳನ್ನು ಒಯ್ದು ಬದಲಿಯವಳನ್ನು ಬಿಟ್ಟಿದ್ದಾರೆ ಅಂತ ಗಂಡ ಮೈಕೆಲ್ ಹಟ ಹಿಡಿದ. ಮನೆ ತುಂಬಾ ನೆಂಟರು ಇದ್ದರು. ಅವರ ಎದುರಿಗೇ ಅವಳನ್ನು ಸುಟ್ಟ. ಆಮೇಲೆ, ನಿಜವಾದ ಬ್ರಿಜೆಟ್ ಬಿಳಿ ಕುದುರೆ ಏರಿ ಹಳೆಯ ಕೋಟೆದಿಬ್ಬದ ಹತ್ತಿರ ಬರುತ್ತಾಳೆ ಅಂತ ಕಾದ. ಕೋರ್ಟು ಅವನಿಗೆ 20 ವರ್ಷ ಕಠಿಣ ಶಿಕ್ಷೆ ಕೊಟ್ಟಿತು. ಆಗ ರೈಲು ಇತ್ತು, ಟೆಲಿಗ್ರಾಫ್ ಇತ್ತು, ದಿನಪತ್ರಿಕೆ ಇತ್ತು. ಬ್ರಿಜೆಟ್ ಹೊಲಿಗೆ ಕೆಲಸದಿಂದ ಸ್ವಂತ ಸಂಪಾದನೆ ಇದ್ದವಳು. ಇದನ್ನು ಚಿಕ್ಕ ಮಕ್ಕಳ ಕಥೆ ಅಂತ ಯಾರಾದರೂ ಅಂದಾರೆಯೇ?

ಇಲ್ಲಿ ನಿಮಗೆ ಬೇಕಾದ ಒಂದು ವಿಷಯ ಇದೆ. ಫೇರಿಗಳು ಯಾವತ್ತೂ 'ಬಹಳ ಹಿಂದೆ, ದೂರದ ರಾಜ್ಯದಲ್ಲಿ' ಇದ್ದವರಲ್ಲ. ಮನೆ ಹಿಂದಿನ ದಿಬ್ಬದ ಕೆಳಗೆ ಇದ್ದವರು. ಪಕ್ಕದ ಮನೆಯವರು. ಈ ನಂಬಿಕೆಯಲ್ಲಿ ಒಂದು ತಮಾಷೆಯೂ ಇದೆ. ಪ್ರತಿ ತಲೆಮಾರೂ 'ಮೊದಲು ಇದ್ದರು, ಈಗ ಹೊರಟುಹೋದರು' ಅಂತಲೇ ಹೇಳಿದೆ. 14ನೇ ಶತಮಾನದ ಕೊನೆಗೆ ಇಂಗ್ಲಿಷ್ ಕವಿ ಚಾಸರ್‌ನ ಒಂದು ಪಾತ್ರ ಇದನ್ನೇ ಹೇಳುತ್ತದೆ. ಆರ್ಥರ್ ರಾಜನ ಕಾಲದಲ್ಲಿ ನಾಡು ತುಂಬಾ ಫೇರಿಗಳಿದ್ದರು, ಈಗ ಊರೂರು ಸುತ್ತುವ ಪಾದ್ರಿಗಳ ಕಾಟಕ್ಕೆ ಒಬ್ಬರೂ ಕಾಣಲ್ಲ ಅಂತ! ಆರುನೂರು ವರ್ಷದ ಹಿಂದೆಯೇ 'ಈ ಮಾಡರ್ನ್ ಕಾಲದಲ್ಲಿ ಫೇರಿ ಎಲ್ಲಿಂದ ಬಂತು' ಅಂತ ಕೇಳಿದವರಿದ್ದರು ಅಂತಾಯಿತು. ನಿಮ್ಮ ಗೆಳೆಯರು ಕೇಳಿದ್ದು ಹೊಸ ಪ್ರಶ್ನೆ ಏನಲ್ಲ.

ಇನ್ನೊಂದು ಸಾಕ್ಷಿ ನನಗೆ ತುಂಬಾ ಇಷ್ಟ. ಸ್ಕಾಟ್ಲೆಂಡಿನ ಅಬರ್‌ಫಾಯಿಲ್ ಊರಿನ ಪಾದ್ರಿ ರಾಬರ್ಟ್ ಕರ್ಕ್ 1691ರ ಹೊತ್ತಿಗೆ ಫೇರಿಗಳ ಬಗ್ಗೆ ತನ್ನ ಜನ ಹೇಳಿದ್ದನ್ನೆಲ್ಲ ಬರೆದಿಟ್ಟ. ಅದು ಅಚ್ಚಾಗಿದ್ದು 1815ರಲ್ಲಿ. ಅದರಲ್ಲಿ ಎರಡು ಮಾತು ಬರುತ್ತವೆ. ಒಂದು, ಫೇರಿಗಳು ಯಾವ ನಾಡಿನ ಕೆಳಗೆ ಇರುತ್ತಾರೋ ಆ ನಾಡಿನವರ ಬಟ್ಟೆಯನ್ನೇ ಹಾಕುತ್ತಾರೆ, ಅವರ ಮಾತನ್ನೇ ಆಡುತ್ತಾರೆ. ಎರಡು, ವರ್ಷದಲ್ಲಿ ನಾಲ್ಕು ಸಲ, ಮೂರು ತಿಂಗಳಿಗೊಮ್ಮೆ, ಮನೆ ಬದಲಾಯಿಸುತ್ತಾರೆ. ಈಗ ನಿಮ್ಮ ನಗರವನ್ನು ಕಣ್ಣ ಮುಂದೆ ತಂದುಕೊಳ್ಳಿ. ತಲೆ ಮುಚ್ಚುವ ಹೂಡಿ ಅಂಗಿ ಹಾಕಿಕೊಂಡು, ಎಲ್ಲರಂತೆ ಮಾತಾಡುತ್ತ, ಮೂರು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಾಯಿಸುವವರನ್ನು ಯಾರು ಗಮನಿಸುತ್ತಾರೆ? ನೀವು ಫೇರಿಗಳನ್ನು ಈ ಕಾಲಕ್ಕೆ ಎಳೆದು ತರುವ ಕಷ್ಟವೇ ಇಲ್ಲ. ಅವರು ಯಾವಾಗಲೂ ಈ ಕಾಲದವರೇ. ಹಸ್ತಪ್ರತಿಗಳಲ್ಲಿ ನನಗೆ ಸಿಗುವ ಫೇರಿ ರಾಜಕುಮಾರರೆಲ್ಲ ಇನ್ನೂ ವೆಲ್ವೆಟ್ ನಿಲುವಂಗಿಯಲ್ಲೇ ಓಡಾಡುತ್ತಿರುತ್ತಾರೆ, ಪಾಪ. ಅವರಿಗೂ ಒಂದು ಜೀನ್ಸ್ ಕೊಡಿ.

ಸರಿ, ಕ್ಯಾಮೆರಾಗೆ ಬರೋಣ. ಮೊದಲು ನೀವೇ ಒಂದು ತೀರ್ಮಾನಕ್ಕೆ ಬರಬೇಕು. ಫೇರಿಗಳ ಕಣ್ಕಟ್ಟು ಕೆಲಸ ಮಾಡುವುದು ಎಲ್ಲಿ? ನೋಡುವವರ ಮನಸ್ಸಿನ ಮೇಲೋ, ಬೆಳಕಿನ ಮೇಲೋ? ಬೆಳಕಿನ ಮೇಲಾದರೆ ಕ್ಯಾಮೆರಾಗೂ ಸುಳ್ಳೇ ಕಾಣುತ್ತದೆ, ಕಥೆ ಅಲ್ಲಿಗೆ ಮುಗಿಯಿತು. ಮನಸ್ಸಿನ ಮೇಲಾದರೆ ಸಿಸಿಟಿವಿಯಲ್ಲಿ ನಿಜರೂಪ ದಾಖಲಾಗುತ್ತದೆ. ಆದರೆ ಆ ರೆಕಾರ್ಡಿಂಗ್ ನೋಡುವುದೂ ಮನುಷ್ಯರೇ ಅಲ್ವಾ? ನಾನಾಗಿದ್ದರೆ ಎರಡನೆಯದನ್ನು ಹಿಡಿಯುತ್ತಿದ್ದೆ. ಅದರಲ್ಲಿ ಕಥೆ ಜಾಸ್ತಿ ಇದೆ.

ಹಳೆಯ ಕಥೆಯೊಂದು ಇದಕ್ಕೆ ಸರಿಹೊಂದುತ್ತದೆ. ಬ್ರಿಟನ್, ಐರ್ಲೆಂಡಿನ ಹಲವು ಕಡೆ ಸಿಗುವ ಕಥೆ ಇದು. ಒಬ್ಬ ಸೂಲಗಿತ್ತಿಯನ್ನು ಫೇರಿಯೊಬ್ಬ ರಾತ್ರೋರಾತ್ರಿ ಹೆರಿಗೆಗೆ ಕರೆದುಕೊಂಡು ಹೋಗುತ್ತಾನೆ. ಮಗುವಿನ ಕಣ್ಣಿಗೆ ಹಚ್ಚಲು ಒಂದು ಲೇಪ ಕೊಡುತ್ತಾರೆ. ಅವಳ ಕಣ್ಣು ತುರಿಸುತ್ತದೆ, ಅದೇ ಬೆರಳಿನಿಂದ ಉಜ್ಜಿಕೊಳ್ಳುತ್ತಾಳೆ. ಆ ಕಣ್ಣಿಗೆ ಎಲ್ಲ ನಿಜರೂಪದಲ್ಲಿ ಕಾಣತೊಡಗುತ್ತದೆ. ಕೆಲವು ದಿನದ ಮೇಲೆ ಸಂತೆಯಲ್ಲಿ ಅದೇ ಫೇರಿ ಅಂಗಡಿಯಿಂದ ಕದಿಯುವುದನ್ನು ನೋಡಿ 'ಮಗು ಹೇಗಿದೆ?' ಅಂತ ಮಾತಾಡಿಸುತ್ತಾಳೆ. ಅವನು ನಯವಾಗಿ ಕೇಳುತ್ತಾನೆ: 'ಯಾವ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದೀಯ?' ಅವಳು ತೋರಿಸುತ್ತಾಳೆ. ಅವನು ಆ ಕಣ್ಣನ್ನು ಕುರುಡು ಮಾಡಿ ಹೋಗುತ್ತಾನೆ. ಇಷ್ಟೇ ಕಥೆ. ನಿಮ್ಮ ನಾಯಕಿಯ ಒಡೆದ ಮೊಬೈಲ್ ಲೆನ್ಸ್‌ಗೆ ಆ ಲೇಪ ತಾಗಿದರೆ? 'ಯಾವ ಫೋನಿನಿಂದ ನೋಡಿದೆ?' ಅಂತ ನಗುತ್ತಾ ಕೇಳುವ ಫೇರಿಗಿಂತ ಹೆದರಿಸುವ ಪಾತ್ರ ಇನ್ನೊಂದು ಬೇಕಾ?

ಫೋಟೋ ಬಯಲಾದರೆ ಗುಟ್ಟು ರಟ್ಟಾಗುತ್ತದೆ ಅನ್ನುವುದೂ ತಪ್ಪು ಲೆಕ್ಕ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಊರಿನಲ್ಲಿ 16 ವರ್ಷದ ಎಲ್ಸಿ ರೈಟ್, 9 ವರ್ಷದ ಫ್ರಾನ್ಸಿಸ್ ಗ್ರಿಫಿತ್ಸ್ ಅನ್ನುವ ಹುಡುಗಿಯರು ಹಳ್ಳದ ಹತ್ತಿರ ಫೇರಿಗಳ ಫೋಟೋ ತೆಗೆದರು. ಪುಸ್ತಕದ ಚಿತ್ರ ನೋಡಿ ಬಿಡಿಸಿ, ಕತ್ತರಿಸಿ, ಟೋಪಿ ಪಿನ್ನು ಚುಚ್ಚಿ ನಿಲ್ಲಿಸಿದ ಕಾಗದದ ಬೊಂಬೆಗಳು ಅವು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವನ್ನು ನಂಬಿ 1920ರಲ್ಲಿ ಪತ್ರಿಕೆಯಲ್ಲಿ ಬರೆದರು. ಹುಡುಗಿಯರು ಒಪ್ಪಿಕೊಂಡದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಆಗಲೂ ಫ್ರಾನ್ಸಿಸ್, ಐದನೇ ಫೋಟೋ ಮಾತ್ರ ನಿಜ ಅಂತಲೇ ಹೇಳಿದರು. ಅಂದರೆ ಸುಳ್ಳು ಫೋಟೋವನ್ನು ಎಷ್ಟೋ ಜನ ನಂಬಿದರು. ಈಗ ಕಂಪ್ಯೂಟರೇ ಬೇಕಾದ ಚಿತ್ರ ಮಾಡಿಕೊಡುವ ಕಾಲ. ನಿಜವಾದ ಫೋಟೋ ಹಾಕಿದರೂ 'ಚೆನ್ನಾಗಿ ಎಡಿಟ್ ಮಾಡಿದ್ದೀಯ' ಅಂತ ಕಮೆಂಟ್ ಬರುತ್ತದೆ. ನಿಮ್ಮ ನಾಯಕಿ ಸಾಕ್ಷಿ ಹಿಡಿದುಕೊಂಡು ನಿಂತಿದ್ದಾಳೆ, ಒಬ್ಬರೂ ನಂಬುತ್ತಿಲ್ಲ. ಹದಿನಾರರ ವಯಸ್ಸಿಗೆ ಇದಕ್ಕಿಂತ ಪರಿಚಿತ ಸಂಕಟ ಯಾವುದಿದೆ?

ಕಬ್ಬಿಣದ ತಕರಾರು ನಿಜವಾದ ತಕರಾರು. ಅದಕ್ಕೆ ಉತ್ತರ ಬೇಕೇ ಬೇಕು. ತೊಟ್ಟಿಲ ಮೇಲೆ ಕತ್ತರಿ ಇಡುವುದು, ಬಾಗಿಲಿಗೆ ಕುದುರೆ ಲಾಳ ಹೊಡೆಯುವುದು ಎಲ್ಲ ಫೇರಿಗಳಂಥವರಿಗೆ ಕಬ್ಬಿಣ ಆಗಲ್ಲ ಅನ್ನುವ ನಂಬಿಕೆಯ ಜೊತೆ ಸೇರಿಕೊಂಡದ್ದು. ಸ್ಕಾಟ್ಲೆಂಡಿನ ಐಲೇ ದ್ವೀಪದ ಒಂದು ಕಥೆಯಲ್ಲಿ ಕಮ್ಮಾರನೊಬ್ಬ ಮಗನನ್ನು ಬಿಡಿಸಿಕೊಳ್ಳಲು ಫೇರಿಗಳ ದಿಬ್ಬಕ್ಕೆ ಹೋಗುತ್ತಾನೆ. ಒಳಗೆ ಹೋಗುವ ಮೊದಲು ಹೊಸಿಲಿಗೆ ಚೂರಿ ಚುಚ್ಚುತ್ತಾನೆ. ಕಬ್ಬಿಣ ಇರುವವರೆಗೆ ಆ ಬಾಗಿಲು ಮುಚ್ಚೋಕೆ ಆಗಲ್ಲ. ಎಂಥ ಚೆಂದದ ಉಪಾಯ ನೋಡಿ. ಕಬ್ಬಿಣವನ್ನು ಅವನು ಆಯುಧ ಮಾಡಿಕೊಳ್ಳಲಿಲ್ಲ, ಬಾಗಿಲಿಗೆ ಅಡ್ಡ ಇಟ್ಟ.

ನಗರದಲ್ಲಿ ಕಬ್ಬಿಣ ಎಲ್ಲೆಲ್ಲೂ ಇದೆ. ಕಾಂಕ್ರೀಟ್ ಗೋಡೆಯೊಳಗೆ ಸರಳು. ಸ್ಟೀಲು ಅಂದರೂ ಬಹುಪಾಲು ಕಬ್ಬಿಣವೇ. ಮೊಬೈಲಿನ ಸ್ಪೀಕರ್ ಒಳಗಿನ ಪುಟ್ಟ ನಿಯೋಡೀಮಿಯಂ ಅಯಸ್ಕಾಂತದಲ್ಲೂ ಹೆಚ್ಚಿರುವುದು ಕಬ್ಬಿಣ. ಹಾಗಾಗಿ 'ಹತ್ತಿರ ಬಂದರೆ ಸಾಯುತ್ತಾರೆ' ಅಂತ ನಿಯಮ ಇಟ್ಟರೆ ಮೊದಲ ಅಧ್ಯಾಯದಲ್ಲೇ ಎಲ್ಲರೂ ಸತ್ತುಹೋಗುತ್ತಾರೆ. 'ಬರಿ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಸುತ್ತಲೂ ಮುಚ್ಚಿಕೊಂಡರೆ ಶಕ್ತಿ ಹೋಗುತ್ತದೆ' ಅಂತ ಇಡಿ. ಆಗ ಪ್ರತಿ ಜಾಗವೂ ಕಥೆಗೆ ಕೆಲಸಕ್ಕೆ ಬರುತ್ತದೆ. ಬೇಸಿಗೆಯಲ್ಲೂ ಕೈಗವಸು ಹಾಕುವವನು ಯಾರು? ಮೆಟ್ರೋದಲ್ಲಿ ಕಂಬ ಹಿಡಿಯದೆ ತೂರಾಡುವವಳು ಯಾರು? ಹನ್ನೆರಡು ಮಹಡಿ ಹತ್ತಿದರೂ ಲಿಫ್ಟ್ ಬೇಡ ಅನ್ನುವುದು ಏಕೆ? ಲಿಫ್ಟ್ ಅಂದರೆ ಸ್ಟೀಲು ಪೆಟ್ಟಿಗೆ. ಕರೆಂಟು ಹೋಗಿ ಅದರೊಳಗೆ ಫೇರಿರಾಣಿಯೂ ನಿಮ್ಮ ನಾಯಕಿಯೂ ಇಬ್ಬರೇ ಸಿಕ್ಕಿಹಾಕಿಕೊಂಡರೆ, ಹತ್ತು ನಿಮಿಷ ಇಬ್ಬರೂ ಸಮ. ಈ ದೃಶ್ಯವನ್ನು ಬೇಕಾದರೆ ಸುಮ್ನೆ ತೆಗೆದುಕೊಳ್ಳಿ, ಬಾಡಿಗೆ ಬೇಡ. ಇನ್ನೊಂದು ವಿಷಯ: ದೊಡ್ಡವರ ಮೈಯಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ, ಅದರಲ್ಲಿ ಹೆಚ್ಚಿನದು ರಕ್ತದಲ್ಲಿ. ಒಂದು ಮೊಳೆಗೆ ಸಾಲುವಷ್ಟು. ಮನುಷ್ಯರ ರಕ್ತ ಫೇರಿಗಳಿಗೆ ಏನು ಮಾಡುತ್ತದೆ ಅನ್ನುವುದನ್ನು ಮೊದಲೇ ಯೋಚಿಸಿಡಿ. ಜಾಣ ಓದುಗ ಹೇಗೂ ಕೇಳುತ್ತಾನೆ.

ನಿಮ್ಮ ಕಾದಂಬರಿಯ ನಿಜವಾದ ಬಂಡವಾಳ ಬೇರೆ ಕಡೆ ಇದೆ. ಫೇರಿಗಳು ಸುಳ್ಳು ಹೇಳೋಕೆ ಆಗಲ್ಲ ಅನ್ನುವ ನಿಯಮವನ್ನು ನೀವು ಇಟ್ಟೇ ಇರುತ್ತೀರಿ, ಈಗ ಎಲ್ಲರೂ ಇಡುತ್ತಾರೆ. ಅದರ ಬೇರು ಹಳೆಯದು. 1188ರಲ್ಲಿ ವೇಲ್ಸ್ ಸುತ್ತಿದ ಜೆರಾಲ್ಡ್ ಅನ್ನುವ ಪಾದ್ರಿ ಎಲಿಡರ್ ಎಂಬವನ ಕಥೆ ಬರೆದಿದ್ದಾನೆ. ಎಲಿಡರ್ 12 ವರ್ಷದ ಹುಡುಗನಾಗಿದ್ದಾಗ ಮೇಷ್ಟರ ಏಟಿಗೆ ಹೆದರಿ ನದಿ ದಂಡೆಯ ಪೊಟರೆಯಲ್ಲಿ ಅಡಗಿದ. ಎರಡು ದಿನ ಉಪವಾಸ. ಆಗ ಇಬ್ಬರು ಕುಳ್ಳರು ಬಂದು ಭೂಮಿಯ ಕೆಳಗಿನ ನಾಡಿಗೆ ಕರೆದುಕೊಂಡು ಹೋದರು. ಅಲ್ಲಿನ ಜನ ಆಣೆ ಇಡುತ್ತಿರಲಿಲ್ಲ. ಸುಳ್ಳಿನಷ್ಟು ಅವರಿಗೆ ಬೇರೆ ಯಾವುದೂ ಅಸಹ್ಯ ಇರಲಿಲ್ಲ. ಹುಡುಗ ಬಂದು ಹೋಗಿ ಮಾಡುತ್ತಿದ್ದ. ಒಂದು ದಿನ ತಾಯಿ ಕೇಳಿದಳು ಅಂತ ಅಲ್ಲಿಂದ ಚಿನ್ನದ ಚೆಂಡು ಕದ್ದು ಓಡಿದ. ಮನೆ ಹೊಸಿಲಲ್ಲೇ ಎಡವಿ ಬಿದ್ದ. ಹಿಂದೆಯೇ ಬಂದ ಇಬ್ಬರು ಕುಳ್ಳರು ಚೆಂಡು ಎತ್ತಿಕೊಂಡು, ಅವನತ್ತ ಉಗಿದು ಹೋದರು. ಆಮೇಲೆ ಅವನು ಎಷ್ಟು ಹುಡುಕಿದರೂ ಆ ದಾರಿ ಸಿಗಲಿಲ್ಲ. ಕಥೆಯಲ್ಲಿ ಕಳ್ಳ ಯಾರು ನೋಡಿ. ಫೇರಿ ಅಲ್ಲ, ನಾವು.

ಇದನ್ನೇ ನಿಮ್ಮ ನಾಯಕಿಯ ಶಕ್ತಿ ಮಾಡಿ. ಅವಳಿಗೆ ಕತ್ತಿವರಸೆ ಬೇಡ, ಗುಪ್ತ ರಾಜವಂಶದ ರಕ್ತವೂ ಬೇಡ. ಸುಳ್ಳು ಹೇಳೋಕೆ ಆಗದ ಫೇರಿಗಳ ಆಸ್ಥಾನದಲ್ಲಿ ಅವಳು ಸುಳ್ಳು ಹೇಳಬಲ್ಲಳು. ಮನೆಯಲ್ಲಿ, ಶಾಲೆಯಲ್ಲಿ ಬೈಸಿಕೊಂಡ ಗುಣವೇ ಅಲ್ಲಿ ಅವಳ ಆಯುಧ.

ಫೇರಿಗಳ ಸಂಭಾಷಣೆ ಬರೆಯುವಾಗ ಮಾತ್ರ ತುಂಬಾ ಹುಷಾರಾಗಿರಬೇಕು. ಅವರು ಹೇಳುವ ಪ್ರತಿ ವಾಕ್ಯ ನಿಜ ಇರಬೇಕು, ಆದರೂ ಮೋಸ ಮಾಡಬೇಕು. 'ನನ್ನ ತಮ್ಮನನ್ನು ನೀನು ಕರೆದುಕೊಂಡು ಹೋದೆಯಾ?' ಅಂತ ನಾಯಕಿ ಕೇಳುತ್ತಾಳೆ ಅಂದುಕೊಳ್ಳಿ. ಕೇಳಿಸಿಕೊಂಡವನು ಆ ಕೆಲಸಕ್ಕೆ ಆಳುಗಳನ್ನು ಕಳಿಸಿದವನೇ. ಅವನು 'ನಾನು ನಿಮ್ಮ ಮನೆ ಹೊಸಿಲು ದಾಟಿದವನೇ ಅಲ್ಲ' ಅನ್ನುತ್ತಾನೆ. ನಿಜವೇ. ಅಥವಾ 'ಅಷ್ಟು ಪುಟ್ಟ ಹುಡುಗನಿಂದ ನನಗೇನು ಪ್ರಯೋಜನ?' ಅನ್ನುತ್ತಾನೆ. ಅದು ಪ್ರಶ್ನೆ, ಪ್ರಶ್ನೆಗೆ ನಿಜ ಸುಳ್ಳು ಇಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಸೌಲಭ್ಯವೂ ಇದೆ. 'ನಿನ್ನ ತಮ್ಮ ಸೇತುವೆ ದಾಟಿ ಓಡಿಹೋದನಂತೆ.' ಆ 'ಅಂತೆ' ಇರುವವರೆಗೆ ಹೇಳಿದವನ ಮೇಲೆ ಹೊಣೆ ಇಲ್ಲ. ಸುಳ್ಳನ್ನು ಮೊದಲು ಹೇಳಿದ್ದು ಅವನ ಮನುಷ್ಯ ಸೇವಕ, ಇವನು ಕೇಳಿದ್ದನ್ನು ದಾಟಿಸಿದ, ಅಷ್ಟೇ. ಓದುಗರು ಇಪ್ಪತ್ತು ಅಧ್ಯಾಯ ಆದ ಮೇಲೆ ಹಿಂದಕ್ಕೆ ತಿರುಗಿಸಿ ಆ ಸಾಲನ್ನು ಮತ್ತೆ ಓದಿ 'ಅಯ್ಯೋ, ಇಲ್ಲೇ ಇತ್ತಲ್ಲ' ಅನ್ನಬೇಕು. ಒಂದೇ ಒಂದು ಕಡೆ ಫೇರಿಯ ಬಾಯಲ್ಲಿ ನೇರ ಸುಳ್ಳು ಜಾರಿದರೂ ಓದುಗರು ಪುಸ್ತಕ ಮುಚ್ಚುತ್ತಾರೆ. ವ್ಯಂಗ್ಯ, ತಮಾಷೆಗೂ ಇದೇ ನಿಯಮವೇ ಅನ್ನುವುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. 'ನಾಳೆ ಬರುತ್ತೇನೆ' ಅಂದರೆ ಅದು ಮಾತು ಕೊಟ್ಟಂತೆಯೇ? ನನ್ನ ಪ್ರಕಾರ ಹೌದು. ಆಗ ಅವರು 'ನೋಡೋಣ' ಅನ್ನುವುದನ್ನು ಚೆನ್ನಾಗಿ ಕಲಿತಿರುತ್ತಾರೆ.

ಹೆಸರು ಕೊಡಬಾರದು, ಅವರ ಊಟ ಮುಟ್ಟಬಾರದು ಅನ್ನುವ ನಿಯಮಗಳ ಬಗ್ಗೆ ಜಾಸ್ತಿ ಹೇಳಲ್ಲ. ಎಲ್ಲರೂ ಬಳಸಿ ಸವೆಸಿದ್ದಾರೆ. ಓದದೆಯೇ 'ಒಪ್ಪಿಗೆ ಇದೆ' ಒತ್ತುವುದು ನಿಮ್ಮ ಓದುಗರ ದಿನನಿತ್ಯದ ಅಭ್ಯಾಸ. ಅದರ ಸುತ್ತ ಒಂದು ಒಪ್ಪಂದ ಹೆಣೆಯಬಹುದು, ಅಷ್ಟು ಸಾಕು.

ಬದಲಿ ಹುಡುಗನ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಾರಾಂಶದಲ್ಲಿ ಅವನು ಬರುವುದು ಒಂದೇ ಸಾಲಿನಲ್ಲಿ. ನನಗೆ ಅದೇ ಚಿಂತೆ. ಹಳೆಯ ಕಥೆಗಳಲ್ಲಿ ಬದಲಿ ಮಗುವನ್ನು ಪತ್ತೆ ಮಾಡುವ ಒಂದು ತಮಾಷೆಯ ವಿಧಾನ ಇತ್ತು. ಮೊಟ್ಟೆ ಚಿಪ್ಪಿನಲ್ಲಿ ಅಡುಗೆ ಬೇಯಿಸುವ ನಾಟಕ ಆಡುವುದು. ಅದನ್ನು ನೋಡಿದ ಮಗು ಬೆರಗಾಗಿ 'ಇಷ್ಟು ವರ್ಷ ಬದುಕಿದ್ದೇನೆ, ಇಂಥದ್ದು ನೋಡಿರಲಿಲ್ಲ' ಅಂತ ಬಾಯಿಬಿಡುತ್ತಿತ್ತು. ಆದರೆ ಬೆಂಕಿಯ ಹತ್ತಿರ ಹಿಡಿಯುವುದು, ವಿಷದ ಗಿಡದ ರಸ ಕುಡಿಸುವುದು, ರಾತ್ರಿಯಿಡೀ ಹೊರಗೆ ಬಿಡುವುದು ಕೂಡ ಇದ್ದವು. ಇವು ಬರೀ ಕಥೆಯಲ್ಲ, ನಿಜವಾಗಿ ಮಾಡಿದವರೂ ಇದ್ದರು. ಕಾಯಿಲೆ ಬಿದ್ದ, ಬೆಳವಣಿಗೆ ನಿಧಾನವಾದ, ಮಾತು ಬಾರದ ಮಕ್ಕಳನ್ನು 'ಇದು ನಮ್ಮ ಮಗು ಅಲ್ಲ' ಅಂದುಕೊಳ್ಳಲು ಈ ನಂಬಿಕೆ ದಾರಿ ಮಾಡಿಕೊಟ್ಟಿತು ಅಂತ ಜನಪದ ವಿದ್ವಾಂಸರು ಹಲವರು ಹೇಳುತ್ತಾರೆ. ಬ್ರಿಜೆಟ್ ಕ್ಲಿಯರಿಗೆ ಆಗಿದ್ದೂ ಇದೇ.

ಹಾಗಾಗಿ 'ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ, ಸದ್ದಾದರೆ ಕಿವಿ ಮುಚ್ಚುತ್ತಾನೆ, ಅದಕ್ಕೇ ಇವನು ಮನುಷ್ಯ ಅಲ್ಲ' ಅನ್ನುವ ಥರದ ಗುರುತುಗಳನ್ನು ದಯವಿಟ್ಟು ಇಡಬೇಡಿ. ನಿಮ್ಮ ಓದುಗರಲ್ಲಿ ಅಂಥ ಮಕ್ಕಳೂ ಇರುತ್ತಾರೆ. ಅವರು ನಿಮ್ಮ ಪುಸ್ತಕದಲ್ಲಿ ತಮ್ಮನ್ನು ರಾಕ್ಷಸರಾಗಿ ನೋಡಬಾರದು.

ಇದರ ಬದಲು ಆ ಹುಡುಗನ ಕಡೆಯಿಂದ ಯೋಚಿಸಿ. ಅವನನ್ನು ಸ್ವಂತ ತಾಯಿಯೇ ಕೊಟ್ಟುಬಿಟ್ಟಿದ್ದಾಳೆ. ಗೊತ್ತಿಲ್ಲದ ಮನೆ, ಇನ್ನೊಬ್ಬನ ಮುಖ, ಇನ್ನೊಬ್ಬನ ಶಾಲೆ ಚೀಲ. ಹಾಸಿಗೆಯ ಕೆಳಗೆ ಇನ್ನೊಬ್ಬನ ಅರ್ಧ ಜೋಡಿಸಿದ ಆಟಿಕೆ. ಸುಳ್ಳು ಹೇಳಲು ಆಗದವನು ಇಡೀ ದಿನ ಇನ್ನೊಬ್ಬನಾಗಿ ಬದುಕಬೇಕು. 'ನೀನು ಯಾರು?' ಅಂತ ಯಾರೂ ಕೇಳದಿರಲಿ ಅಂತ ಹೆದರಿಕೊಂಡೇ ಇರುತ್ತಾನೆ. 'ನಾನು ಈ ಮನೆಗೆ ಸೇರಿದವನೇ?' ಅನ್ನುವುದು ಹದಿಹರೆಯದ ಪ್ರತಿಯೊಬ್ಬರ ಒಳಗಿನ ಪ್ರಶ್ನೆ ಅಲ್ವಾ? ಅದಕ್ಕೆ ಕೈಕಾಲು ಬಂದ ಹಾಗಿದ್ದಾನೆ ಈ ಹುಡುಗ. ಕೊನೆಯಲ್ಲಿ ನಿಜವಾದ ತಮ್ಮ ವಾಪಸ್ ಬಂದಾಗ ಇವನನ್ನು ಏನು ಮಾಡುತ್ತೀರಿ? ದಿಬ್ಬದೊಳಗೆ ಎಸೆದು ಬಾಗಿಲು ಹಾಕಿದರೆ ಓದುಗರು ನಿಮ್ಮ ನಾಯಕಿಯನ್ನು ಕ್ಷಮಿಸಲ್ಲ. ಕ್ಷಮಿಸಬಾರದು ಕೂಡ.

ಇನ್ನು ರಾಜಕುಮಾರ. ನೇರವಾಗಿ ಹೇಳುತ್ತೇನೆ: 400 ವರ್ಷದವನು 16 ವರ್ಷದವಳನ್ನು ಪ್ರೀತಿಸುವುದು ನನಗೆ ಸರಿ ಕಾಣಲ್ಲ. 'ನೋಡೋಕೆ 18ರ ಹಾಗಿದ್ದಾನೆ' ಅನ್ನುವುದು ಉತ್ತರ ಅಲ್ಲ. ಕಣ್ಕಟ್ಟು ಬಲ್ಲವನ ಎದುರು ಅವಳ ಒಪ್ಪಿಗೆ ನಿಜವೋ ಮಂತ್ರವೋ ಯಾರಿಗೆ ಗೊತ್ತು? ಆದರೆ ಹಳೆಯ ಕಥೆಗಳಲ್ಲೇ ಇದಕ್ಕೆ ಒಂದು ದಾರಿ ಇದೆ.

ಟ್ಯಾಮ್ ಲಿನ್ ಅನ್ನುವ ಸ್ಕಾಟಿಷ್ ಲಾವಣಿ ಇದೆ. 1549ರ ಒಂದು ಪುಸ್ತಕದಲ್ಲೇ ಆ ಕಥೆಯ ಹೆಸರು ಬರುತ್ತದೆ. ಅದರಲ್ಲಿ ಟ್ಯಾಮ್ ಲಿನ್ ಫೇರಿ ಅಲ್ಲ. ಕುದುರೆಯಿಂದ ಬಿದ್ದಾಗ ಫೇರಿರಾಣಿ ಹಿಡಿದುಕೊಂಡು ಹೋದ ಮನುಷ್ಯ. ಏಳು ವರ್ಷಕ್ಕೊಮ್ಮೆ ಫೇರಿಗಳು ನರಕಕ್ಕೆ ಕಪ್ಪ ಕೊಡಬೇಕು, ಈ ಸಲ ತನ್ನದೇ ಸರದಿ ಅನ್ನುವ ಭಯ ಅವನಿಗೆ. ಜಾನೆಟ್ ಎಂಬ ಹುಡುಗಿ ಹ್ಯಾಲೋವೀನ್ ರಾತ್ರಿ ದಾರಿಯಲ್ಲಿ ಕಾದು, ಮೆರವಣಿಗೆಯಿಂದ ಅವನನ್ನು ಕೆಳಕ್ಕೆ ಎಳೆದು ಅಪ್ಪಿ ಹಿಡಿಯುತ್ತಾಳೆ. ಅವನು ಅವಳ ತೋಳಿನಲ್ಲೇ ಹಾವಾಗುತ್ತಾನೆ, ಕಾಡುಮೃಗ ಆಗುತ್ತಾನೆ, ಕಾದ ಕಬ್ಬಿಣ ಆಗುತ್ತಾನೆ. ಅವಳು ಬಿಡಲ್ಲ. ಇಲ್ಲಿ ಹುಡುಗನನ್ನು ಕಾಪಾಡುವವಳು ಹುಡುಗಿ.

ಇದಕ್ಕೆ ಕಾಲದ ಆಟವನ್ನು ಸೇರಿಸಿ. 12ನೇ ಶತಮಾನದಲ್ಲಿ ವಾಲ್ಟರ್ ಮ್ಯಾಪ್ ಬರೆದ ಹೆರ್ಲಾ ರಾಜನ ಕಥೆಯಲ್ಲಿ ರಾಜ ಮೂರು ದಿನ ಮದುವೆಗೆ ಅಂತ ಹೋಗಿ ಬರುವಷ್ಟರಲ್ಲಿ ಇಲ್ಲಿ ಇನ್ನೂರಕ್ಕೂ ಜಾಸ್ತಿ ವರ್ಷ ಕಳೆದಿರುತ್ತದೆ. ಕುದುರೆಯಿಂದ ಇಳಿದು ನೆಲ ಮುಟ್ಟಿದವರು ಅಲ್ಲೇ ಧೂಳಾಗುತ್ತಾರೆ. ಈಗ ನಿಮ್ಮ ರಾಜಕುಮಾರನನ್ನು ನೋಡಿ. ಅವನು ರಾಜಕುಮಾರನೇ ಅಲ್ಲ ಅಂದುಕೊಳ್ಳಿ. 400 ವರ್ಷದ ಹಿಂದೆ 17ನೇ ವಯಸ್ಸಿನಲ್ಲಿ ಕದ್ದೊಯ್ದ ಹುಡುಗ. ಅವನ ಲೆಕ್ಕದಲ್ಲಿ ಒಂದು ವಾರ ಆಗಿಲ್ಲ. ಅಮ್ಮ ಇನ್ನೂ ಕಾಯುತ್ತಿದ್ದಾಳೆ ಅನ್ನುವ ಭ್ರಮೆ ಅವನಿಗೆ ಪೂರ್ತಿ ಬಿಟ್ಟಿಲ್ಲ. ಮಣ್ಣು ಮುಟ್ಟಿದರೆ ಧೂಳಾಗುತ್ತಾನೆ. ಹಳ್ಳಿಯಲ್ಲಾಗಿದ್ದರೆ ಒಂದು ದಿನವೂ ಉಳಿಯುತ್ತಿರಲಿಲ್ಲ. ಆದರೆ ನಗರದಲ್ಲಿ ಟೈಲ್ಸ್, ಕಾಂಕ್ರೀಟು, ಡಾಂಬರು, ಫ್ಲೈಓವರ್. ವಾರಗಟ್ಟಲೆ ಮಣ್ಣು ಮುಟ್ಟದೆ ಬದುಕಬಹುದು. ಅವನು ಬದುಕಬಲ್ಲ ಜಾಗ ಇಡೀ ಭೂಮಿಯಲ್ಲಿ ನಿಮ್ಮ ನಗರ ಮಾತ್ರ! ಪಾರ್ಕಿನ ಗೇಟಿನ ಹತ್ತಿರ ಅವನು ಏಕೆ ನಿಂತುಬಿಡುತ್ತಾನೆ ಅಂತ ನಾಯಕಿಗೆ ನಿಧಾನವಾಗಿ ಅರ್ಥವಾಗಲಿ.

ಇನ್ನೂ ಒಂದು ಲಾಭ ಇದೆ. ಅವನು ಮನುಷ್ಯ, ಅಂದರೆ ಸುಳ್ಳು ಹೇಳಬಲ್ಲ. ಅವನು ಫೇರಿ ಅಂತ ನಂಬಿದ ನಾಯಕಿ ಅವನ ಪ್ರತಿ ಮಾತನ್ನೂ ನಿಜ ಅಂತ ತಿಳಿದಿರುತ್ತಾಳೆ. ಆರನೇ ಅಧ್ಯಾಯದಲ್ಲಿ ಒಂದು ಕಡೆ ಅವನು ಮರೆತು ಸ್ಟೀಲಿನ ಕಂಬಿ ಹಿಡಿದು ನಿಲ್ಲಲಿ. ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ, ಒತ್ತಿ ಹೇಳಬೇಡಿ.

ನಾಯಕಿ ಫೇರಿಗಳ ಹತ್ತಿರ ಹೋಗಿ ಬರುವಾಗ ಮಾತ್ರ ನೂರು ವರ್ಷ ಬೇಡ. ಒಂದು ಸಂಜೆಗೆ ಮೂರು ತಿಂಗಳು ಸಾಕು. ಪರೀಕ್ಷೆ ಮುಗಿದಿರುತ್ತದೆ. ಜೀವದ ಗೆಳತಿ ಬೇರೆಯವರ ಜೊತೆ ಕೂರುತ್ತಿರುತ್ತಾಳೆ. ಫೋನಿನಲ್ಲಿ ಅಮ್ಮನ ಮೆಸೇಜುಗಳು ಮೊದಲು ಗಂಟೆಗೊಂದು, ಆಮೇಲೆ ದಿನಕ್ಕೊಂದು, ಆಮೇಲೆ ಇಲ್ಲ.

ಈ ಕಾಲದಲ್ಲಿ ಇಂಥ ನಂಬಿಕೆಗೆ ಜಾಗ ಇದೆಯೇ ಅಂತ ಇನ್ನೂ ಅನುಮಾನ ಇದ್ದರೆ 1999ರಲ್ಲಿ ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ ಆಗಿದ್ದನ್ನು ಗೆಳೆಯರಿಗೆ ಹೇಳಿ. ಲಟೂನ್ ಅನ್ನುವಲ್ಲಿ ದೊಡ್ಡ ರಸ್ತೆ ಬರುವುದಿತ್ತು. ದಾರಿಯಲ್ಲಿ ಒಂದು ಒಂಟಿ ಹಾಥಾರ್ನ್ ಗಿಡ. ಅದು ಫೇರಿಗಳು ಸೇರುವ ಜಾಗ, ಕಡಿದರೆ ರಸ್ತೆಯಲ್ಲಿ ಅಪಘಾತ ಆಗುತ್ತದೆ ಅಂತ ಕಥೆಗಾರ ಎಡ್ಡಿ ಲೆನಿಹನ್ ಪತ್ರಿಕೆಗೆ ಬರೆದು ಎಚ್ಚರಿಸಿದರು. ಸುದ್ದಿ ದೇಶ ದಾಟಿತು. ಕೊನೆಗೆ ರಸ್ತೆ ಬಂತು, ಗಿಡವನ್ನೂ ಉಳಿಸಿದರು. ಎಂಜಿನಿಯರುಗಳು ನಂಬಿದರೋ ಇಲ್ಲವೋ, ಗಿಡಕ್ಕೆ ಜಾಗ ಬಿಟ್ಟರು. ನಿಮ್ಮ ಕಾದಂಬರಿಯ ದೊಡ್ಡವರೂ ಹೀಗೆ ಇರಲಿ. ನಂಬಲ್ಲ ಅಂತ ಹೇಳುತ್ತಾರೆ, ಆದರೆ ಆ ಗಿಡ ಕಡಿಯಲ್ಲ.

ಇನ್ನು ಆ 40 ಪುಟ. ತೆಗೆದುಬಿಡಿ. ಆಸ್ಥಾನಗಳ ಯುದ್ಧ, ರಾಣಿಯರ ವಂಶಾವಳಿ ಎಲ್ಲ ನಿಮಗೆ ಗೊತ್ತಿರಬೇಕು, ಓದುಗರಿಗೆ ಮೊದಲೇ ಗೊತ್ತಾಗಬೇಕಿಲ್ಲ. ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ. ಕಥೆಯಲ್ಲಿ ಯಾವ ಮಾಹಿತಿಯೂ ಪುಕ್ಕಟೆ ಸಿಗದಿರಲಿ. ಪ್ರತಿ ಗುಟ್ಟಿಗೂ ನಾಯಕಿ ಏನಾದರೂ ಕೊಟ್ಟು ಪಡೆಯಲಿ: ಒಂದು ನೆನಪು, ಒಂದು ಮಾತು, ಜಡೆಯ ಒಂದು ಎಳೆ.

ಶುರು ಎಲ್ಲಿಂದ ಅಂದರೆ, ಒಂದು ಸಾಧಾರಣ ಸಂಜೆಯಿಂದ. ತಮ್ಮನಿಗೆ ಒಂಬತ್ತು ವರ್ಷ. ಹೋಂವರ್ಕ್ ಆಯ್ತಾ ಅಂತ ಅಮ್ಮ ಕೇಳುತ್ತಾಳೆ. 'ಇಲ್ಲ' ಅನ್ನುತ್ತಾನೆ. ಹಲ್ಲು ಉಜ್ಜಿದೆಯಾ? 'ಇಲ್ಲ.' ಅಕ್ಕನ ಚಾರ್ಜರ್ ಮುರಿದಿದ್ದು ಯಾರು? ಅವನು ಸುಮ್ಮನೆ ಅಮ್ಮನ ಮುಖ ನೋಡುತ್ತಾನೆ. ಅಮ್ಮನಿಗೆ ಖುಷಿ, ಹುಡುಗ ಎಷ್ಟು ಪ್ರಾಮಾಣಿಕನಾಗಿದ್ದಾನೆ ಅಂತ. ಅಕ್ಕನಿಗೆ ಮಾತ್ರ ಮೈ ಜುಮ್ಮೆನ್ನುತ್ತದೆ. ಅವಳ ತಮ್ಮ ದಿನಕ್ಕೆ ಹತ್ತು ಸುಳ್ಳು ಹೇಳುವವನು. ಈ ದೃಶ್ಯವನ್ನು ನಾಲ್ಕು ಪುಟದಲ್ಲಿ ಬರೆದು ಅದೇ ಗೆಳೆಯರಿಗೆ ಕೊಡಿ. ಫೇರಿಲೋಕದ ಇತಿಹಾಸ ಎಲ್ಲಿ ಹೋಯಿತು ಅಂತ ಅವರು ಕೇಳಿದರೆ ಆಗ ಆ 40 ಪುಟ ವಾಪಸ್ ಸೇರಿಸುವ ಬಗ್ಗೆ ಮಾತಾಡೋಣ.